ಬರಿ ಮದ್ದಿನ ಈಡು

ಮನೆ ಬದಲಾಯಿಸುವವನಿಗೆ ನೂರೆಂಟು ತಾಪತ್ರಯ ಅನ್ನುತ್ತಾರೆ. ಕೋವಿ ಇಟ್ಟುಕೊಂಡು ಮನೆ ಬದಲಾಯಿಸುವವನಿಗೆ ನೂರಾ ಒಂಬತ್ತು, ಮತ್ತು ಆ ಕೊನೆಯದೊಂದೇ ಉಳಿದ ನೂರೆಂಟನ್ನೂ ನುಂಗಿ ನೀರು ಕುಡಿಯುವಂಥದ್ದು. ನಂಬಿಕೆ ಬರದಿದ್ದರೆ ಬಸದಿಗದ್ದೆಯ ಜಯರಾಜನನ್ನು ಕೇಳಬೇಕು. ಪಾತ್ರೆ, ಪೆಟ್ಟಿಗೆ, ಎರಡು ಹಸು, ಹೆಂಡತಿಯ ಹೊಲಿಗೆ ಮಿಷನ್ನು, ಎಲ್ಲಕ್ಕೂ ಒಂದು ಲಾರಿ ಸಾಕಾಗಿತ್ತು. ಒಂದು ಕೋವಿಗೆ ಮಾತ್ರ ನಾಲ್ಕು ಕಚೇರಿ, ಎರಡು ರಾಜ್ಯ, ಐದು ತಿಂಗಳು ಬೇಕಾಯಿತು.

ಅವನ ಹೆಂಡತಿ ಶಾಂತಮ್ಮನ ತವರು ಕೇರಳದ ವಯನಾಡು. ಅಲ್ಲಿ ಹಿಂದಿನಿಂದಲೂ ಜೈನರ ಮನೆಗಳಿವೆ. ಅವಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡು, ಕಾಫಿ ತೋಟ ತಂಗಿಯ ಪಾಲಿಗೆ ಬಂತು. ಎರಡು ವರ್ಷ ಅದನ್ನು ಬೇರೆಯವರ ಕೈಯಲ್ಲಿ ಬಿಟ್ಟು ನೋಡಿ, ಮಂಗ ತಿಂದದ್ದೆಷ್ಟು ಮನುಷ್ಯ ತಿಂದದ್ದೆಷ್ಟು ಎಂದು ತಿಳಿಯದೆ, ಕೊನೆಗೆ ಜಯರಾಜ ತಾನೇ ಹೋಗುವುದೆಂದು ತೀರ್ಮಾನಿಸಿದ. ಕವಲೇದುರ್ಗದ ಕೆಳಗಿನ ತನ್ನ ಜಮೀನನ್ನು ದಾಯಾದಿಗೆ ಕ್ರಯಕ್ಕೆ ಕೊಟ್ಟ. ಐವತ್ತೆಂಟನೇ ವಯಸ್ಸಿಗೆ ಹೊಸ ಊರು, ಹೊಸ ಭಾಷೆ. ಅದಕ್ಕೆಲ್ಲ ಅವನು ಹೆದರಲಿಲ್ಲ. ಕೋವಿ ಬಿಟ್ಟು ಮಾತ್ರ ಹೋಗುವುದಿಲ್ಲ ಅಂದ.

ಜೈನನಿಗೆ ಕೋವಿ ಯಾಕೆ ಅಂತ ಹೊಸಬರು ಕೇಳುತ್ತಿದ್ದರು. ಕೇಳಲಿ ಅಂತಲೇ ಅವನು ಕಾಯುತ್ತಿದ್ದ. ಅವನದು ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದ ಕೋಲಿನಿಂದ ಜಡಿದು, ಕಿಡಿ ಕೊಡುವ ಕೇಪು ಸಿಕ್ಕಿಸಿ, ಕುದುರೆ ಅನ್ನುವ ಕೊಕ್ಕೆ ಎಳೆಯಬೇಕು. ಊರವರೆಲ್ಲ ಮದ್ದಿನ ಮೇಲೆ ಸೀಸದ ಚರೆ ತುಂಬುತ್ತಿದ್ದರು. ಇವನು ಚರೆ ಮುಟ್ಟಿದವನಲ್ಲ. ಮದ್ದು, ಅದರ ಮೇಲೊಂದು ಹಿಡಿ ತೆಂಗಿನ ನಾರು, ಅಷ್ಟೇ. ದಿನಾ ಬೆಳಕು ಹರಿಯುವ ಹೊತ್ತಿಗೆ ಬಸದಿಗೆ ಕೈಮುಗಿದು ತೋಟದ ತಲೆಗೆ ಹೋಗಿ ಆಕಾಶಕ್ಕೊಂದು ಈಡು ಹೊಡೆಯುತ್ತಿದ್ದ. ಮಂಗಗಳು ಗುಡ್ಡ ಹತ್ತುತ್ತಿದ್ದವು, ಇವನು ಕಾಫಿಗೆ ಬರುತ್ತಿದ್ದ. ಮಂಗಗಳಿಗೂ ಗುಟ್ಟು ಗೊತ್ತಾಗಿದೆ, ಮರ್ಯಾದೆಗೆ ಓಡುತ್ತವೆ ಅಂತ ಊರವರು ನಗುತ್ತಿದ್ದರು. ನಗಲಿ. ಪ್ರತಿ ವರ್ಷ ಆಯುಧಪೂಜೆಯ ದಿನ ಅವನು ಕೋವಿಗೆ ಎಣ್ಣೆ ಸವರಿ, ಹೂ ಏರಿಸಿ, ಬಂದವರ ಎದುರು ಎದೆಯುಬ್ಬಿಸಿ ಒಂದೇ ಮಾತು ಹೇಳುತ್ತಿದ್ದ.

"ನನ್ನ ಕೋವಿಗೆ ರಕ್ತ ಅಂದ್ರೆ ಎಂತ ಅಂತ ಗೊತ್ತಿಲ್ಲ."

ಹೀಗೆ ಹೇಳುವಾಗ ಎದುರಿಗೆ ಆಚೆಮಕ್ಕಿಯ ಕನ್ನಪ್ಪನೂ ಕೂತಿರುತ್ತಿದ್ದ ಅನ್ನುವುದನ್ನು ನೆನಪಿಡಬೇಕು. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ, ಯಾರ ಎದುರು ಬೇಕಾದರೂ ಹೊರಳುತ್ತದೆ.

ಕನ್ನಪ್ಪನ ಮನೆ ಹಳ್ಳದ ಆಚೆ ದಡದ ಗುಡ್ಡದ ಮೇಲೆ. ಮೂವತ್ತು ವರ್ಷದ ಸ್ನೇಹ. ಇಬ್ಬರೂ ಒಂದೇ ದಿನ ಶಿವಮೊಗ್ಗಕ್ಕೆ ಹೋಗಿ ಒಂದೇ ಅಂಗಡಿಯಲ್ಲಿ ಕೋವಿ ಕೊಂಡಿದ್ದರು. ಜಯರಾಜನದು ನಾಲ್ಕು ಸಾವಿರದ ಏಳುನೂರ ಹದಿನಾರನೇ ನಂಬರು, ಕನ್ನಪ್ಪನದು ಹದಿನೇಳು. ಒಂದೇ ಮರದ ಹಿಡಿ, ಒಂದೇ ಉದ್ದ. ಶಾಂತಮ್ಮ ತನ್ನ ಹಳೆಯ ಕೆಂಪು ಕೈಮಗ್ಗದ ಸೀರೆ ಹರಿದು ಎರಡಕ್ಕೂ ಚೀಲ ಹೊಲಿದು ಕೊಟ್ಟಿದ್ದಳು. ಅವಳಿಗೆ ಜವಳಿ ಹಾಳು ಮಾಡಿ ಗೊತ್ತಿಲ್ಲ. ಅರ್ಧ ಸೀರೆ ಒಂದಕ್ಕೆ, ಅರ್ಧ ಇನ್ನೊಂದಕ್ಕೆ.

ಹತ್ತು ವರ್ಷದ ಹಿಂದೆ ಕನ್ನಪ್ಪನ ಒಬ್ಬನೇ ಮಗ ರಾಜೇಂದ್ರ ಆ ಹದಿನೇಳನೇ ನಂಬರಿನ ಕೋವಿಯಿಂದ ಸತ್ತ. ಇಪ್ಪತ್ತೆರಡು ವರ್ಷ. ಗದ್ದೆಗೆ ಹಂದಿ ಇಳಿದಿದೆ ಅಂತ ಹೊರಟವನು ಬೇಲಿ ದಾಟಿ, ತುಂಬಿದ ಕೋವಿಯನ್ನು ನಳಿಗೆ ಹಿಡಿದು ತನ್ನ ಕಡೆಗೆ ಎಳೆದುಕೊಂಡ. ಕುದುರೆ ಬೇಲಿಯ ಬಳ್ಳಿಗೆ ಸಿಕ್ಕಿತು. ಚರೆ ಪೂರ್ತಿ ಎದೆಗೇ ಹೋಯಿತು. ಪೊಲೀಸರು ಕೋವಿ ತೆಗೆದುಕೊಂಡು ಹೋದರು, ಆಕಸ್ಮಿಕ ಅಂತ ಬರೆದುಕೊಂಡರು. ತಿಥಿಯ ದಿನ ಜಗಲಿಯಲ್ಲಿ ಕೂತಿದ್ದ ಜಯರಾಜ, ಎಲ್ಲರೂ ಸುಮ್ಮನಿದ್ದಾಗ ತಾನೊಬ್ಬ ಸುಮ್ಮನಿರಲಾರದೆ, ಬರಿ ಮದ್ದು ಹಾಕಿದ್ದಿದ್ದರೆ ಹುಡುಗ ಉಳಿಯುತ್ತಿದ್ದ ಅಂದುಬಿಟ್ಟ. ಸುಳ್ಳೇನಲ್ಲ. ಆದರೆ ಸತ್ಯಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಕನ್ನಪ್ಪ ಪಾನಕದ ಲೋಟ ತುಂಬಿಸಿ ಕೊಟ್ಟ, ಅಷ್ಟೇ.

ಕೋವಿ ಬಿಡುಗಡೆಯ ಆದೇಶ ಬರುವುದಕ್ಕೆ ಮೂರು ವರ್ಷ ಹಿಡಿಯಿತು. ಅದೇ ಹೊತ್ತಿಗೆ ವಿಧಾನಸಭೆ ಚುನಾವಣೆ ಮುಗಿದಿತ್ತು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನವರು ಕೋವಿಯನ್ನು ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ತರಬೇಕು. ಜಯರಾಜ ತನ್ನದನ್ನು ತರಲು, ಕನ್ನಪ್ಪ ತನ್ನದನ್ನು ಬಿಡಿಸಲು, ಇಬ್ಬರೂ ಒಂದೇ ಜೀಪಿನಲ್ಲಿ ಹೋಗಿ ಬಂದರು. ಕನ್ನಪ್ಪ ಅದನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಬಂದ ಚುನಾವಣೆಗಳಿಗೆ ಕೊಡುವುದಕ್ಕೆ, ತರುವುದಕ್ಕೆ ಬಿಟ್ಟರೆ ಕೆಳಗಿಳಿಸಲಿಲ್ಲ. ಜಯರಾಜನ ಕೋವಿ ಎಂದಿನಂತೆ ಬೆಳಗಿನ ಈಡು ಹೊಡೆಯುತ್ತಲೇ ಇತ್ತು.

ಈಗ ಕೋವಿಯನ್ನು ರಾಜ್ಯದ ಗಡಿ ದಾಟಿಸುವ ಮಾತು. ಚಾಪೆಯಲ್ಲಿ ಸುತ್ತಿ ಲಾರಿಯ ಮೂಲೆಗೆ ಹಾಕುವಂತಿಲ್ಲ. ಸಾಗರದಲ್ಲಿ ವಕೀಲಿ ಮಾಡುವ ಮಗಳು ಬ್ರಾಹ್ಮಿ ಫೋನಿನಲ್ಲೇ ಅಪ್ಪನ ಕಿವಿ ಹಿಂಡಿದಳು. ಜಿಲ್ಲಾ ಕಚೇರಿಗೆ ಅರ್ಜಿ, ಊರಿನ ಠಾಣೆಯ ವರದಿ, ಆಕ್ಷೇಪಣೆ ಇಲ್ಲವೆಂಬ ಪತ್ರ, ದಾರಿಗೆ ಬೇಕಾದ ಅನುಮತಿ, ಹೋಗಿ ಮುಟ್ಟಿದ ಮೇಲೆ ಅಲ್ಲಿಯ ಕಚೇರಿಯಲ್ಲಿ ದಾಖಲು. ಕೋವಿ ಖಾಲಿ ಇರಬೇಕು. ಮದ್ದು, ಕೇಪು ಒಯ್ಯಕೂಡದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಅಂತ ಗೊಣಗುತ್ತ ಜಯರಾಜ ಕಾರ್ತಿಕದ ಒಂದು ಬೆಳಿಗ್ಗೆ ಕೋವಿ ಹಿಡಿದುಕೊಂಡು ಠಾಣೆಗೆ ಹೋದ.

ಹೆಡ್ ಕಾನ್‌ಸ್ಟೇಬಲ್ ಸುಬ್ಬರಾಯ ಒಳ್ಳೆಯ ಮನುಷ್ಯ, ಆದರೆ ಕೆಲಸದಲ್ಲಿ ಕಟ್ಟುನಿಟ್ಟು. ಲೈಸೆನ್ಸಿನ ಪುಸ್ತಕ ನೋಡಿ ನಂಬರು ಬರೆದುಕೊಂಡು ಕಳಿಸುವುದು ಇಷ್ಟು ದಿನದ ರೂಢಿ. ಹೊರರಾಜ್ಯಕ್ಕೆ ಹೋಗುವ ಕೋವಿ, ತಾನು ಕಣ್ಣಾರೆ ನೋಡಿಯೇ ಬರೆಯಬೇಕು ಅಂದ. ಚೀಲ ತೆಗೆದು, ನಳಿಗೆಯ ಬುಡಕ್ಕೆ ಸೀಮೆಎಣ್ಣೆಯ ಬಟ್ಟೆ ಹಾಕಿ ತಿಕ್ಕಿದ. ವರ್ಷಗಳ ಎಣ್ಣೆ, ಮದ್ದಿನ ಮಸಿ, ಕುಂಕುಮ ಎಲ್ಲ ಕರಗಿ ಬಂತು. ಬಗ್ಗಿ ನೋಡಿದ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ. ಪುಸ್ತಕ ನೋಡಿದ.

"ಇದು ನಿಮ್ಮ ಕೋವಿ ಅಲ್ಲ ಮಾರಾಯ್ರೆ."

ಜಯರಾಜ ನಕ್ಕ. ಸುಬ್ಬರಾಯ ನಗಲಿಲ್ಲ. ಬೆರಳಿಟ್ಟು ತೋರಿಸಿದ. ಕೊನೆಯ ಅಂಕಿ ಏಳು. ಜಯರಾಜ ಆ ಏಳನ್ನು ಬಹಳ ಹೊತ್ತು ನೋಡಿದ. ಪಕ್ಕದ ನಂಬರು ಯಾರದು ಅಂತ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆಯಷ್ಟೇ ಈಡು ಹೊಡೆದು, ಬಿಸಿ ಆರುವ ತನಕ ಎದೆಗೆ ಆನಿಸಿಕೊಂಡು ಬಂದಿದ್ದ ಕೋವಿ. ಅದನ್ನು ಮೇಜಿನ ಮೇಲೆಯೇ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

ಸುಬ್ಬರಾಯನಿಗೂ ರಾಜೇಂದ್ರನ ಪ್ರಕರಣ ಗೊತ್ತಿತ್ತು. ಬಾಗಿಲ ಕಡೆ ನೋಡಿ ದನಿ ಇಳಿಸಿದ. ಚೀಲ ಎರಡೂ ಒಂದೇ ಥರ, ತರುವಾಗ ಅದಲುಬದಲಾಗಿದೆ. ತಾನು ಇವತ್ತು ಏನೂ ಬರೆಯುವುದಿಲ್ಲ. ನಾಳೆ ಕನ್ನಪ್ಪನಿಂದ ನಿಮ್ಮದನ್ನು ಇಸಿದುಕೊಂಡು, ಅವನದನ್ನು ಅವನಿಗೆ ಕೊಟ್ಟು, ಸರಿಯಾದ ಕೋವಿ ತನ್ನಿ, ವರದಿ ಹಾಕುತ್ತೇನೆ. ಅಷ್ಟು ಹೇಳಿ ಕೋವಿಯನ್ನು ಚೀಲಕ್ಕೆ ಹಾಕಿಕೊಟ್ಟ. ಎಷ್ಟು ಸಲೀಸಾದ ಮಾತು! ಅವನದನ್ನು ಅವನಿಗೆ ಕೊಡಿ.

ಮನೆಗೆ ಬಂದವನು ಕೋವಿಯನ್ನು ಒಳಗೆ ತರಲಿಲ್ಲ. ಅಂಗಳದ ಕಟ್ಟೆಯ ಮೇಲಿಟ್ಟ. ವಿಷಯ ಕೇಳಿದ ಶಾಂತಮ್ಮ ಮೊದಲು ಚೀಲ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಒಂದಕ್ಕಾದರೂ ಬೇರೆ ಬಟ್ಟೆ ಹಾಕಬಾರದಿತ್ತೇ ತಾನು ಅಂತ ಅತ್ತಳು. ಏಳು ವರ್ಷ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವಳು ಅವಳೇ. ಜಯರಾಜ ಸಮಾಧಾನ ಹೇಳುವ ಸ್ಥಿತಿಯಲ್ಲಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಮಾಡುವ ಊಟವನ್ನೂ ಮಾಡಲಿಲ್ಲ. ಅವನ ತಲೆಯಲ್ಲಿ ಸುತ್ತುತ್ತಿದ್ದದ್ದು ಕೋವಿಯೂ ಅಲ್ಲ, ಲೈಸೆನ್ಸೂ ಅಲ್ಲ. ಏಳು ಆಯುಧಪೂಜೆ. ಏಳು ಸಲ ಕನ್ನಪ್ಪನ ಮುಖದೆದುರೇ, ಅವನ ಮಗನ ಎದೆ ಒಡೆದ ಕೋವಿಗೆ ಹೂ ಏರಿಸಿ, ಇದಕ್ಕೆ ರಕ್ತ ಗೊತ್ತಿಲ್ಲ ಅಂದಿದ್ದ. ಥೂ, ಇಂಥ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ನಾಳೆ ಆ ಮನೆಯ ಮೆಟ್ಟಿಲು ಹತ್ತಿ, ನಿನ್ನ ಮಗನನ್ನು ತಿಂದದ್ದು ಇಷ್ಟು ದಿನ ನನ್ನ ಮನೆಯಲ್ಲಿತ್ತು, ತಗೋ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು? ಹೇಳದಿದ್ದರೆ ಕೋವಿ ಬಿಟ್ಟು ವಯನಾಡಿಗೆ ಹೋಗಬೇಕು. ಬಿಟ್ಟರೂ ಎಲ್ಲಿ ಬಿಡುವುದು?

ಮರುದಿನ ಬೆಳಿಗ್ಗೆ ಬಸದಿಗದ್ದೆಯಲ್ಲಿ ಈಡು ಕೇಳಲಿಲ್ಲ. ಚುನಾವಣೆಯ ದಿನಗಳನ್ನು ಬಿಟ್ಟರೆ ಹೀಗಾದದ್ದು ಅದೇ ಮೊದಲು. ಮಂಗಗಳು ಬಾಳೆಗೆ ಇಳಿದವು. ಜಯರಾಜ ಚೀಲ ಹಿಡಿದು ಹಳ್ಳ ದಾಟಿ ಗುಡ್ಡ ಹತ್ತಿದ.

ಕನ್ನಪ್ಪನ ಹೆಂಡತಿ ಹುಲಿಯಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಹೆಸರಿಗೆ ಹುಲಿ, ಮಗ ಹೋದ ಮೇಲೆ ಗಟ್ಟಿ ಮಾತೇ ಆಡದ ಹೆಂಗಸು. ಅವಳ ಮೊದಲ ಪ್ರಶ್ನೆಯೇ ಅದಾಗಿತ್ತು.

"ಇವತ್ತು ಈಡು ಕೇಳ್ಲಿಲ್ವಲ ಜಯರಾಜಯ್ಯ?"

ಕನ್ನಪ್ಪ ಒಳಗಿಂದ ಬಂದ. ಜಯರಾಜ ಜಗಲಿಯಲ್ಲಿ ಕೂತು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ತಲೆಕೆಳಗಾಗಿ ಹೇಳಿದ. ಠಾಣೆಗೆ ಹೋದದ್ದು, ನಂಬರು, ಒಂದೇ ಸೀರೆಯ ಎರಡು ಚೀಲ, ಜೀಪಿನಲ್ಲಿ ಬರುವಾಗ ಆದ ತಪ್ಪು. ತನಗೆ ಗೊತ್ತಿರಲಿಲ್ಲ, ಬಸದಿಯ ಸ್ವಾಮಿಯ ಆಣೆಗೂ ಗೊತ್ತಿರಲಿಲ್ಲ ಅಂದ. ಹೇಳುತ್ತ ಹೇಳುತ್ತ ಅವನಿಗೇ ಅಳು ಬಂತು. ಗಂಡಹೆಂಡತಿ ಇಬ್ಬರೂ ಸುಮ್ಮನೆ ಕೇಳಿದರು. ಬೆಚ್ಚಿಬೀಳಲಿಲ್ಲ. ಬೆಚ್ಚಿಬೀಳದ್ದನ್ನು ನೋಡಿ ಜಯರಾಜನ ಮಾತು ಅಲ್ಲಿಗೇ ನಿಂತಿತು.

"ತಪ್ಪಲ್ಲ ಅದು," ಅಂದ ಕನ್ನಪ್ಪ. "ನಾನೇ ಬದ್ಲಿ ಮಾಡಿದ್ದು."

ಕನ್ನಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತ ಹೇಳಿದ. ಆವತ್ತು ಠಾಣೆಯ ಮೇಜಿನ ಮೇಲೆ ಎರಡೂ ಕೋವಿ ಅಕ್ಕಪಕ್ಕ ಇದ್ದವು. ಜಯರಾಜ ಆ ಕಡೆ ಸಹಿ ಹಾಕುತ್ತಿದ್ದ. ಚೀಲಕ್ಕೆ ತುಂಬುವ ಕೆಲಸ ಕನ್ನಪ್ಪನ ಕೈಯಲ್ಲಿತ್ತು. ತನ್ನದು ಯಾವುದು ಅಂತ ಅವನಿಗೆ ನಂಬರು ನೋಡಬೇಕಾಗಿರಲಿಲ್ಲ. ಮೂರು ವರ್ಷದಿಂದ ಎದೆಯಲ್ಲಿ ಒಂದು ಮಾತು ಕುದಿಯುತ್ತಿತ್ತು. ತಿಥಿಯ ದಿನ ಜಗಲಿಯಲ್ಲಿ ಕೇಳಿದ ಮಾತು.

"ಸಿಟ್ಟಿತ್ತು ಜಯರಾಜಯ್ಯ. ಮಗನ್ನ ಸುಟ್ಟು ಬಂದೋನಿಗೆ ನೀವು ಬುದ್ಧಿ ಹೇಳಿದ್ರಿ. ತಗೊಂಡು ಹೋಗ್ಲಿ, ಇದಕ್ಕೇ ಪೂಜೆ ಮಾಡ್ಲಿ ಅಂತ ಸಿಟ್ಟಲ್ಲೇ ಮಾಡ್ದೆ. ನೀವು ವರ್ಷಾ ವರ್ಷಾ ಹೂ ಹಾಕಿ ಹೇಳ್ತಿದ್ರಲ್ಲ, ನಾನು ಎದುರಿಗೆ ಕೂತು ಒಳಗೊಳಗೇ ನಗ್ತಿದ್ದೆ. ನಗು ಅಲ್ಲ ಅದು. ಎಂತದೋ."

ಜಯರಾಜ ಅವನ ಕಾಲು ಹಿಡಿಯಲು ಬಗ್ಗಿದ. ಕನ್ನಪ್ಪ ರಟ್ಟೆ ಹಿಡಿದು ತಡೆದ. ಮೂವತ್ತು ವರ್ಷದ ಸ್ನೇಹದಲ್ಲಿ ಅವರು ಒಬ್ಬರನ್ನೊಬ್ಬರು ಮುಟ್ಟಿಕೊಂಡದ್ದೇ ಕಡಿಮೆ. ಇಬ್ಬರಿಗೂ ನಾಚಿಕೆಯಾಗಿ ದೂರ ಸರಿದು ಕೂತರು.

ಮುಂದಿನದನ್ನು ಹೇಳಿದವಳು ಹುಲಿಯಮ್ಮ. ಆ ಕೋವಿ ಮನೆಯ ಹೊಸಿಲು ತುಳಿದರೆ ಬಾವಿಗೆ ಬೀಳುತ್ತೇನೆ ಅಂತ ಅವಳು ಗಂಡನಿಗೆ ಮೊದಲೇ ಹೇಳಿದ್ದಳು. ಆವತ್ತು ಚೀಲ ಕಂಡು ಬಾವಿಯ ಕಡೆ ನಡೆದವಳನ್ನು ಹಿಡಿದು ನಿಲ್ಲಿಸಲು ಕನ್ನಪ್ಪ ನಿಜ ಹೇಳಬೇಕಾಯಿತು. ಇದು ಅದಲ್ಲ, ಜಯರಾಜಯ್ಯನದು, ಅದು ಅವರ ಮನೆಗೆ ಹೋಯಿತು. ಅವಳಿಗೆ ಗಂಡನ ಸಿಟ್ಟು ಅರ್ಥವಾಗಲಿಲ್ಲ. ಅವಳಿಗೆ ಅರ್ಥವಾದದ್ದು ಬೇರೆ. ಆ ಮನೆಯಲ್ಲಿ ಅದಕ್ಕೆ ಚರೆ ಹಾಕುವವರಿಲ್ಲ. ಇನ್ನು ಅದು ಒಂದು ಇರುವೆಯನ್ನೂ ಕೊಲ್ಲಲಾರದು. ಕೊಂದ ಕೈಯನ್ನು ದೇವಸ್ಥಾನದ ಕಸ ಗುಡಿಸಲು ಬಿಟ್ಟ ಹಾಗೆ ಅಂತ ಅವಳು ಎಣಿಸಿದಳು.

ಮೊದಮೊದಲು ಬೆಳಿಗ್ಗೆ ಸದ್ದು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳಂತೆ. ಆಮೇಲೆ ಬಿಟ್ಟಳು.

"ಅವ ಬದುಕಿದ್ದಾಗ್ಲೂ ಹಂಗೇ ಅಲ್ದಾ ಮಾರಾಯ್ರೆ. ಎಷ್ಟು ಕರೆದ್ರೂ ಏಳೋ ಕುಲ ಅಲ್ಲ ಅವ. ಜಯರಾಜಯ್ಯಂದು ಈಡು ಆಯ್ತು, ಏಳೋ, ಬೆಳಗಾಯ್ತು ಅಂತ ಚಾದರ ಎಳೀತಿದ್ದೆ. ಈಗ್ಲೂ ಸದ್ದು ಬಂದ್ರೆ ಬಾಯಿ ತನ್ನಷ್ಟಕ್ಕೆ ಹೇಳ್ತದೆ. ಹೇಳಿ ಮುಗಿದ ಮೇಲೆ ನೆನಪಾಗ್ತದೆ."

ಅಷ್ಟು ಹೇಳಿ ಚೊಂಬು ಒಳಗಿಡಲು ಹೋದಳು.

ಕೊನೆಗೆ ಕನ್ನಪ್ಪ ವ್ಯವಹಾರಕ್ಕೆ ಬಂದ. ಕಾನೂನು ಕಾನೂನೇ. ಜಯರಾಜಯ್ಯ ತಮ್ಮ ಕೋವಿ ತಮ್ಮ ಪುಸ್ತಕಕ್ಕೆ ಸರಿಯಾಗಿ ಕೊಂಡುಹೋಗಲಿ. ಇದನ್ನು ತಾನು ಮನೆಯೊಳಗೆ ತರದೆ ನೇರ ಠಾಣೆಗೆ ಒಪ್ಪಿಸುತ್ತೇನೆ, ತನಗೆ ಇನ್ನು ಲೈಸೆನ್ಸೂ ಬೇಡ. ಸರ್ಕಾರದವರು ತುಂಡು ಮಾಡಿ ಕರಗಿಸುತ್ತಾರಂತೆ, ಕರಗಿಸಲಿ. ನ್ಯಾಯವಾದ ಮಾತು. ಜಯರಾಜನ ಎದೆಯ ಭಾರ ಅರ್ಧ ಇಳಿಯಿತು. ಸಾಮಾನು ಕಟ್ಟಿಯಾಗಿತ್ತು. ಹದಿನೈದು ದಿನದಲ್ಲಿ ಕಾಗದ ಕೈಗೆ ಬಂದರೆ ಹೊರಡಬಹುದು. ಕನ್ನಪ್ಪ ಅಟ್ಟದಿಂದ ಇನ್ನೊಂದು ಚೀಲ ಇಳಿಸಿ ತಂದು ಪಕ್ಕದಲ್ಲಿಟ್ಟ. ಒಂದೇ ಸೀರೆಯ ಎರಡು ಚೀಲ. ಒಂದು ಮಾಸಿತ್ತು, ಇನ್ನೊಂದರ ಕೆಂಪು ಹಾಗೇ ಇತ್ತು.

ಹುಲಿಯಮ್ಮ ಬಂದು ಮಾಸಿದ ಚೀಲದ ಎದುರು ಕೂತಳು. ಹತ್ತು ವರ್ಷ ಆ ಕೋವಿಯನ್ನು ನೋಡಲೊಲ್ಲದಿದ್ದವಳು ತಾನೇ ದಾರ ಬಿಚ್ಚಿ, ಮರದ ಹಿಡಿ ಕಾಣುವಷ್ಟು ಹೊರಗೆಳೆದು, ಅದರ ಮೇಲೆ ಅಂಗೈ ಇಟ್ಟಳು.

"ಇದನ್ನ ಮುರೀಬೇಡಿ," ಅಂದಳು. "ಕಡೇಗೆ ಅವ ಮುಟ್ಟಿದ್ದು ಇದನ್ನೇ. ಇಲ್ಲಿ ಇಟ್ಕಣಕ್ಕೆ ನನ್ನ ಕೈಲಿ ಆಗಲ್ಲ. ಮುರಿದ್ರೂ ತಡ್ಕಣಕ್ಕೆ ಆಗಲ್ಲ. ಎಲ್ಲಾದ್ರೂ ಬರಿ ಸದ್ದು ಮಾಡ್ಕಂಡು ಇರ್ಲಿ."

ಕನ್ನಪ್ಪ ಹೆಂಡತಿಯನ್ನು ಗದರಿಸಿದ, ಆಗದ್ದನ್ನು ಕೇಳಬಾರದು ಅಂತ. ಜಯರಾಜ ಎರಡೂ ಚೀಲ ನೋಡಿದ. ತನ್ನದು, ಹದಿನಾರನೇ ನಂಬರಿನದು, ನಿಜವಾಗಿಯೂ ರಕ್ತ ಕಾಣದ್ದು, ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅದನ್ನು ಹಿಡಿದುಕೊಂಡು ಎದ್ದು ಹೋದರೆ ಯಾರೂ ಒಂದು ಮಾತು ಅನ್ನುವ ಹಾಗಿಲ್ಲ. ಹೊಸ ಊರಿನಲ್ಲೂ ಎದೆಯುಬ್ಬಿಸಿ ಹೇಳಬಹುದು, ಈ ಸಲ ನಿಜವನ್ನೇ ಹೇಳಬಹುದು. ಅವನಿಗೆ ಆ ಆಸೆ ಇರಲಿಲ್ಲ ಅಂದರೆ ಸುಳ್ಳಾದೀತು. ಆದರೆ ತಿಥಿಯ ದಿನ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಅವನಿಗೆ ಬೇರೆ ದಾರಿ ಯಾವುದೂ ಕಾಣಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಇದನ್ನ ನಾನೇ ಒಯ್ತೀನಿ," ಅಂದ. "ಕಾನೂನು ಪ್ರಕಾರನೇ ಒಯ್ತೀನಿ. ನಂದನ್ನ ಸರ್ಕಾರಕ್ಕೆ ಕೊಡ್ತೀನಿ."

ಆಡುವುದು ಸುಲಭ. ಬ್ರಾಹ್ಮಿ ಫೋನಿನಲ್ಲಿ ತಲೆ ಚಚ್ಚಿಕೊಂಡಳು. ಮೊದಲು ಎರಡು ಕೋವಿಯನ್ನೂ ಠಾಣೆಗೆ ಒಪ್ಪಿಸಿ. ಅದಲುಬದಲಾದದ್ದನ್ನು ಇಬ್ಬರೂ ಬರೆದುಕೊಡಿ. ಆಮೇಲೆ ಕನ್ನಪ್ಪ ಮಾವ ತನ್ನ ಕೋವಿಯನ್ನು ಅಪ್ಪನಿಗೆ ಕೊಡುತ್ತೇನೆಂದು ಅರ್ಜಿ, ಅಪ್ಪ ತನ್ನದನ್ನು ಬಿಟ್ಟುಕೊಟ್ಟು ಅದನ್ನು ಪುಸ್ತಕಕ್ಕೆ ಹತ್ತಿಸಿಕೊಳ್ಳುತ್ತೇನೆಂದು ಅರ್ಜಿ. ಅದಾದ ಮೇಲೆ ಹೊರರಾಜ್ಯದ ಕಾಗದ ಹೊಸದಾಗಿ ಶುರು. ಒಳ್ಳೆಯ ಕೋವಿ ಕೊಟ್ಟು ಇದನ್ನು ತಗೊಳ್ಳುತ್ತೀರಲ್ಲ ಅಂತ ಕೇಳಿದವಳು, ಅಪ್ಪ ಕಾರಣ ಹೇಳಿದ ಮೇಲೆ ಮತ್ತೆ ಕೇಳಲಿಲ್ಲ. ಅರ್ಜಿಯನ್ನು ತಾನೇ ಬರೆದು ಕಳಿಸಿದಳು.

ಬರೆದುಕೊಡುವಾಗ ಕನ್ನಪ್ಪ ತಾನೇ ಬದಲಿಸಿದ್ದೆಂದು ಬರೆಯಲು ಹೊರಟ. ಜಯರಾಜ ಪೆನ್ನು ಕಿತ್ತುಕೊಂಡ. ಚೀಲಗಳೆರಡೂ ಒಂದೇ ಸೀರೆಯವು, ಕೋವಿಗಳು ಅದಲುಬದಲಾದವು, ಇಷ್ಟೇ ಬರೆದ. ಹುಟ್ಟಿದಾಗಿನಿಂದ ಸುಳ್ಳಾಡಬಾರದೆಂದು ಕಲಿತವನು. ಬರೆದದ್ದರಲ್ಲಿ ಸುಳ್ಳಿಲ್ಲ ಅಂತ ತನಗೆ ತಾನೇ ಹೇಳಿಕೊಂಡ, ಆದರೂ ಆ ದಿನ ಬಸದಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂತ. ಸುಬ್ಬರಾಯ ಕಾಗದ ಎರಡು ಸಲ ಓದಿ, ಇಬ್ಬರ ಮುಖವನ್ನೂ ನೋಡಿ, ಮೊಹರು ಒತ್ತಿದ.

ಐದು ತಿಂಗಳು ಬಸದಿಗದ್ದೆಯಲ್ಲಿ ಈಡು ಇಲ್ಲ. ಮಂಗಗಳು ಹಬ್ಬ ಮಾಡಿದವು. ಜಮೀನು ಕೊಂಡ ದಾಯಾದಿ ಯಾವಾಗ ಬಿಡುತ್ತೀರಿ ಅಂತ ವಾರಕ್ಕೊಮ್ಮೆ ಬಂದು ಎಲೆಯಡಿಕೆ ಹಾಕಿಕೊಂಡು ಹೋದ. ಶಾಂತಮ್ಮ ಕಟ್ಟಿದ ಪಾತ್ರೆ ಬಿಚ್ಚಿ ಅಡುಗೆ ಮಾಡಿದಳು, ಮತ್ತೆ ಕಟ್ಟಿದಳು. ಒಂದು ದಿನವೂ ಗಂಡನನ್ನು ದೂರಲಿಲ್ಲ. ಹದಿನಾರನೇ ನಂಬರಿನ ಕೋವಿಯನ್ನು ಶಾಶ್ವತವಾಗಿ ಒಪ್ಪಿಸುವ ದಿನ ಜಯರಾಜ ಅದನ್ನು ಒಮ್ಮೆ ಕೈಯಲ್ಲಿ ಹಿಡಿದ. ಯಾರನ್ನೂ ನೋಯಿಸದ ಕೋವಿ, ಮುರಿಯುವುದಕ್ಕೆ ಹೋಗುತ್ತಿತ್ತು. ಲೋಕದ ನ್ಯಾಯವೇ ಹೀಗೆ ಅನ್ನಿಸಿತು ಅವನಿಗೆ.

ಹೊರಡುವ ಬೆಳಿಗ್ಗೆ ಕನ್ನಪ್ಪ ಹಳ್ಳದ ತನಕ ಬಂದ. ಹುಲಿಯಮ್ಮ ಬರಲಿಲ್ಲ. ಲಾರಿ ಮುಂದೆ, ಜೀಪು ಹಿಂದೆ, ಕೋವಿ ಖಾಲಿ ಮಾಡಿ ಮಾಸಿದ ಚೀಲದಲ್ಲಿ ಸೀಟಿನ ಹಿಂದೆ, ಕಾಗದದ ಕಟ್ಟು ಶಾಂತಮ್ಮನ ಮಡಿಲಲ್ಲಿ. ಗುಂಡ್ಲುಪೇಟೆ ದಾಟಿ ಕಾಡಿನ ದಾರಿ ಮುಗಿಯುವಲ್ಲಿ ಗಡಿಯ ತಪಾಸಣೆ. ಅಲ್ಲಿಯವನು ಕಾಗದಗಳನ್ನು ಒಂದೊಂದಾಗಿ ನೋಡಿದ, ನಂಬರು ನೋಡಿದ, ನಳಿಗೆಯೊಳಗೆ ಗಜ ಇಳಿಸಿ ಖಾಲಿ ಅಂತ ಖಾತ್ರಿ ಮಾಡಿಕೊಂಡ. ಎಲ್ಲ ಸರಿಯಾಗಿತ್ತು. ಇಷ್ಟು ಸರಿಯಾದ ಕಾಗದ ತಾನು ನೋಡಿಯೇ ಇಲ್ಲ ಅಂತ ಅರ್ಧ ಕನ್ನಡದಲ್ಲಿ ಹೊಗಳಿದ. ಆಮೇಲೆ ಮಾತಿಗೆ ಮಾತು ಅನ್ನುವ ಹಾಗೆ, ಇದರಲ್ಲಿ ಇಷ್ಟು ವರ್ಷದಲ್ಲಿ ಏನೇನು ಹೊಡೆದಿದ್ದೀರಿ ಅಂತ ನಗುತ್ತ ಕೇಳಿದ.

ಮೂವತ್ತು ವರ್ಷ ನಾಲಿಗೆಯ ತುದಿಯಲ್ಲಿ ಕುಣಿದ ಉತ್ತರ ಆವತ್ತು ಬರಲಿಲ್ಲ.

"ಇದು ನನ್ನ ಸ್ನೇಹಿತನ ಮಗನದು," ಅಂದ ಜಯರಾಜ. ತಪಾಸಣೆಯವನು ಪುಸ್ತಕ ಇನ್ನೊಮ್ಮೆ ನೋಡಿದ. ಹೆಸರು ಜಯರಾಜನದೇ ಇತ್ತು. ಹೆಗಲು ಹಾರಿಸಿ ಗೇಟು ಎತ್ತಿಸಿದ.

ವಯನಾಡಿನ ಕಚೇರಿಯಿಂದ ಪುಸ್ತಕ ದಾಖಲಾಗಿ ಬರುವುದಕ್ಕೆ ಮತ್ತಷ್ಟು ದಿನ. ಅಲ್ಲಿಯ ಅಂಗಡಿಯಲ್ಲಿ ಮದ್ದು, ಕೇಪು ಸಿಕ್ಕಿದ ಮರುದಿನ ಬೆಳಕು ಹರಿಯುವ ಹೊತ್ತಿಗೆ ಜಯರಾಜ ಕಾಫಿ ಒಣಗಿಸುವ ಕಣಕ್ಕೆ ಬಂದ. ಮದ್ದು ಸುರಿದ, ನಾರು ಜಡಿದ. ಆಮೇಲೆ ಕನ್ನಪ್ಪನ ನಂಬರಿಗೆ ಫೋನು ಹಚ್ಚಿದ. ಆಚೆಮಕ್ಕಿಯಲ್ಲಿ ಫೋನು ಹಿಡಿಯುವುದು ಕೊಟ್ಟಿಗೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಯಾರಾದರೂ ಅಲ್ಲಿ ನಿಂತಿರುತ್ತಾರೆ ಅನ್ನುವ ಖಾತ್ರಿ ಅವನಿಗಿರಲಿಲ್ಲ. ಎರಡನೇ ರಿಂಗಿಗೇ ಎತ್ತಿದಳು ಹುಲಿಯಮ್ಮ. ಈಗ ಹೊಡೀತೀನಿ ಅಂದ ಜಯರಾಜ. ಹೂಂ ಅಂದಳು.

ಫೋನನ್ನು ಕಣದ ಕಲ್ಲಿನ ಮೇಲಿಟ್ಟು ಕುದುರೆ ಎಳೆದ. ಕೇಪು ಮಾತ್ರ ಚಿಟಕ್ಕೆಂದಿತು, ಮದ್ದು ಹತ್ತಲಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಕೋವಿ. ಕೇಪು ಕೂರುವ ಕಿವಿಯ ತೂತನ್ನು ಸೂಜಿಯಿಂದ ಚುಚ್ಚಿ ಮಸಿ ತೆಗೆದು, ಹೊಸ ಕೇಪು ಸಿಕ್ಕಿಸುವ ಅಷ್ಟೂ ಹೊತ್ತು ಫೋನಿನಲ್ಲಿ ಅವಳ ಉಸಿರು, ಅದರ ಹಿಂದೆ ತನ್ನ ಊರಿನ ಹಕ್ಕಿಗಳು ಕೇಳುತ್ತಿದ್ದವು. ಎರಡನೇ ಸಲ ಈಡು ಹಾರಿತು. ಪರ ಊರಿನ ಗುಡ್ಡಗಳು ಅದನ್ನು ಮೂರು ಸಲ ಹೇಳಿ ಸುಮ್ಮನಾದವು.

ಜಯರಾಜ ಫೋನು ಎತ್ತಿ ಕಿವಿಗೆ ಹಿಡಿದ. ಕೇಳಿತಾ ಅಂತ ವಿಚಾರಿಸಲು ಬಾಯಿ ತೆರೆದವನು ಹಾಗೇ ನಿಂತ. ಅವಳು ಅವನ ಜೊತೆ ಮಾತಾಡುತ್ತಿರಲಿಲ್ಲ. ಫೋನು ಕೈಯಲ್ಲಿರುವುದೂ ಅವಳಿಗೆ ಮರೆತಿತ್ತು.

"ಏಳೋ," ಅನ್ನುತ್ತಿದ್ದಳು ಹುಲಿಯಮ್ಮ. "ಏಳೋ ರಾಜೇಂದ್ರಾ, ಬೆಳಗಾಯ್ತು."

ಅವಳಿಗೆ ನೆನಪಾಗುವ ತನಕ ಜಯರಾಜ ಫೋನು ಇಡದೆ ನಿಂತಿದ್ದ.